ಸಹಾಯ ಬೇಕು: ದೇವರನ್ನು ತಾಯಿಯೆಂದು ಕರೆಯುವ ಕನ್ನಡ ಪ್ರಾರ್ಥನೆಗಳು

ಎಲ್ಲರಿಗೂ ವಂದನೆ. ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಮುಂದಿನ ತಿಂಗಳು ಸ್ತ್ರೀವಾದಿ ದೇವತಾಶಾಸ್ತ್ರದ (ದೇವರ ಕುರಿತ ಮಾತನ್ನು ಹೆಂಗಸರ ಕಣ್ಣಿನಿಂದ ನೋಡುವ ಚಿಂತನೆ) ಬಗ್ಗೆ ಅಧ್ಯಯನ ಇದೆ, ಜವಾಬ್ದಾರಿ ನನ್ನದು. ದೇವರು ಗಂಡಸಾದರೆ ಗಂಡಸೇ ದೇವರಾಗಿಬಿಡುತ್ತಾನೆ ಎಂದು ಅಮೆರಿಕದ ದೇವತಾಶಾಸ್ತ್ರಜ್ಞೆ ಮೇರಿ ಡೇಲಿ 1973ರಲ್ಲೇ ಬರೆದರು. ಅವರು ಚರ್ಚನ್ನೇ ಬಿಟ್ಟರು. ಸನ್ಯಾಸಿನಿ ಎಲಿಜಬೆತ್ ಜಾನ್ಸನ್ ಚರ್ಚಿನ ಒಳಗೇ ಉಳಿದು, ದೇವರನ್ನು ಗಂಡಸೆಂದೇ ಏಕೆ ಕಾಣಬೇಕು ಎಂಬ ಅದೇ ಪ್ರಶ್ನೆ ಕೇಳಿದರು. ನನಗೆ ಎರಡನೆಯ ದಾರಿಯೇ ಹತ್ತಿರ.

ಬೈಬಲಿನ ಯೆಶಾಯ 42:14ರಲ್ಲಿ ದೇವರು ಹೆರುವ ಹೆಂಗಸಿನಂತೆ ಕೂಗುತ್ತಾನೆ. ಲೂಕ 15ರಲ್ಲಿ ದೇವರಿಗೆ ಹೋಲಿಕೆಯಾಗಿ, ದೀಪ ಹಚ್ಚಿ, ಮನೆ ಗುಡಿಸಿ, ಕಳೆದುಹೋದ ಒಂದೇ ಒಂದು ನಾಣ್ಯಕ್ಕೆ ಮೂಲೆಮೂಲೆ ಹುಡುಕುವ ಹೆಂಗಸಿದ್ದಾಳೆ. ಅದೇ ಅಧ್ಯಾಯದ, ಕಳೆದ ಕುರಿ ಹುಡುಕುವ ಕುರುಬನ ಚಿತ್ರ ಎಷ್ಟೋ ಚರ್ಚುಗಳ ಗೋಡೆಯ ಮೇಲಿದೆ. ಈಕೆಯದನ್ನು ನಾನೆಲ್ಲೂ ಕಂಡಿಲ್ಲ, ಅದು ನನ್ನನ್ನು ತುಂಬಾ ಕಾಡುತ್ತದೆ.

ನನಗೆ ಬೇಕಾಗಿರುವುದು ದೇವರನ್ನು ತಾಯಿಯೆಂದೂ ಕರೆಯುವ ಕನ್ನಡದ ಪ್ರಾರ್ಥನೆ, ಕೀರ್ತನೆ ಅಥವಾ ಲೇಖನ. ಹಳೆಯ ಪತ್ರಿಕೆಯ ಪುಟದ ಫೋಟೋ ಆದರೂ ಸರಿ. ಕೂಟದಲ್ಲಿ ಹೆಚ್ಚಿನವರು ಇಂಗ್ಲಿಷ್ ಓದುವುದಿಲ್ಲ. "ಪರಲೋಕದ ತಂದೆಯೇ" ಎಂದು ಜೀವಮಾನವಿಡೀ ಪ್ರಾರ್ಥಿಸಿದ ಹಿರಿಯ ಅಮ್ಮಂದಿರೂ ಇರುತ್ತಾರೆ, ಅವರ ಮನಸ್ಸು ನೋಯಬಾರದು. ಇಂಥ ಅಧ್ಯಯನ ನಡೆಸಿದವರಿದ್ದರೆ, ಮಾತು ಎಲ್ಲಿಂದ ಶುರು ಮಾಡಿದಿರಿ ಎಂದು ದಯವಿಟ್ಟು ತಿಳಿಸಿ.