ಮನೆಯ ಕೋಣೆಗಳಿಗೆ ಹೊಸ ಕಳೆ: ಸ್ವತಃ ಮಾಡಿ ನೋಡಿದವರ ಅನುಭವಗಳು

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಜಾರ ಮತ್ತು ಒಂದು ಮಲಗುವ ಕೋಣೆ ಬಹಳ ವರ್ಷಗಳಿಂದ ಇದ್ದಂತೆಯೇ ಇದ್ದು, ಈಗ ನೋಡಲು ಮಂಕಾಗಿವೆ. ಗೋಡೆಯ ಬಣ್ಣ ಮಾಸಿದೆ, ಅಲ್ಲಲ್ಲಿ ಮೊಳೆ ಕಿತ್ತ ತೂತುಗಳಿವೆ, ಕಪಾಟಿನ ಬಾಗಿಲು ಜೋತುಬಿದ್ದಿದೆ, ಸಂಜೆಯಾದರೆ ಕೋಣೆಯ ಒಂದು ಭಾಗ ಕತ್ತಲಾಗಿಯೇ ಇರುತ್ತದೆ. ಕೆಲಸಗಾರರನ್ನು ಕರೆಸದೆ, ರಜೆಯ ದಿನಗಳಲ್ಲಿ ಮನೆಯವರೇ ಸೇರಿ ಮಾಡಬಹುದಾದ ಕೆಲಸಗಳು ಯಾವುವು, ಅವುಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ವಿನಂತಿ.

ಮೊದಲ ಉತ್ತರ

ಬಣ್ಣದ ಡಬ್ಬಿ ತರುವ ಮುನ್ನ ಕೋಣೆಯನ್ನು ಒಮ್ಮೆ ಪೂರ್ತಿಯಾಗಿ ಖಾಲಿ ಮಾಡಿ ನೋಡಿ. ಮಂಚ, ಬೀರು, ಪರದೆ ಎಲ್ಲವೂ ಹೊರಗೆ ಹೋದ ಮೇಲೆ, ಕೋಣೆಗೆ ನಿಜವಾಗಿ ಏನು ಬೇಕಾಗಿದೆ ಎಂಬುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬೀರುವಿನ ಹಿಂದೆ ತೇವ ಕಟ್ಟಿದ್ದರೆ ಆಗಲೇ ಗೊತ್ತಾಗುವುದು. ವಸ್ತುಗಳನ್ನು ಮರಳಿ ಇಡುವಾಗ, ದಿನನಿತ್ಯ ಬಳಸುವುದನ್ನಷ್ಟೇ ಮೊದಲು ಒಳಗೆ ತಂದು, ಉಳಿದದ್ದನ್ನು ಕೆಲವು ದಿನ ಹೊರಗೇ ಬಿಟ್ಟರೆ, ಅವುಗಳಲ್ಲಿ ಅರ್ಧದಷ್ಟು ಆ ಕೋಣೆಗೆ ಬೇಕೇ ಇರಲಿಲ್ಲ ಎಂಬುದು ಮನೆಯವರಿಗೆಲ್ಲ ಮನವರಿಕೆಯಾಗುತ್ತದೆ. ಕಿಟಕಿಗೆ ಅಡ್ಡವಾಗಿ ನಿಂತ ಎತ್ತರದ ಬೀರುವನ್ನು ಪಕ್ಕದ ಗೋಡೆಗೆ ಸರಿಸುವುದರಿಂದ ಬರುವ ಬೆಳಕು ಹೊಸ ಬಣ್ಣದಿಂದಲೂ ಬಾರದು.

ಎರಡನೆಯ ಕೆಲಸ ದೀಪದ್ದು. ಕಿಟಕಿಯ ಗಾಜು ಮತ್ತು ದೀಪದ ಮೇಲಿನ ಹೊದಿಕೆಗಳನ್ನು ತೊಳೆದು ನೋಡಿ. ಧೂಳಿನ ಪದರವೇ ಎಷ್ಟೋ ಬೆಳಕನ್ನು ತಡೆಹಿಡಿದಿರುತ್ತದೆ. ಆಮೇಲೂ ಸಾಲದಿದ್ದರೆ, ಇರುವ ಒಂದೇ ದೀಪದ ಬದಲಿಗೆ ಹೆಚ್ಚು ಪ್ರಖರವಾದ ಇನ್ನೊಂದನ್ನು ಹಾಕುವುದಕ್ಕಿಂತ, ಕತ್ತಲಿರುವ ಮೂಲೆಯಲ್ಲಿ ಮೇಜಿನ ದೀಪವನ್ನೋ ನೆಲದ ಮೇಲೆ ನಿಲ್ಲುವ ದೀಪವನ್ನೋ ಇಡುವುದು ಮೇಲು. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳನ್ನು ಗಮನಿಸಿ. ಲ್ಯೂಮೆನ್ ಎಂಬುದು ಬೆಳಕಿನ ಪ್ರಮಾಣ: ಹಳೆಯ 60 ವಾಟ್ ಬಲ್ಬು ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ ಬೆಳಕನ್ನು ಈಗ 9 ವಾಟ್ ಆಸುಪಾಸಿನ ಎಲ್‌ಇಡಿ ಕೊಡುತ್ತದೆ. ಕೆಲ್ವಿನ್ ಎಂಬುದು ಬೆಳಕಿನ ಬಣ್ಣ: 2700ರಿಂದ 3000 ಇದ್ದರೆ ಹಳದಿ ಛಾಯೆ, 6500 ಇದ್ದರೆ ನೀಲಿ ಬೆರೆತ ಬಿಳುಪು. ಒಂದೇ ಕೋಣೆಯಲ್ಲಿ ಎರಡೂ ಬಗೆಯವು ಬೆರೆತರೆ ಒಂದೇ ಬಣ್ಣದ ಗೋಡೆ ಎರಡು ಬಣ್ಣವಾಗಿ ಕಾಣುತ್ತದೆ. ಆದ್ದರಿಂದಲೇ ದೀಪವನ್ನು ಗೊತ್ತುಮಾಡಿಕೊಂಡ ಮೇಲೆ ಗೋಡೆಯ ಬಣ್ಣವನ್ನು ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಉತ್ತರ

ಮೇಲಿನವರು ಹೇಳಿದ ಕ್ರಮವನ್ನು ನಾನೂ ಒಪ್ಪುತ್ತೇನೆ. ನಾನು ಬಣ್ಣದ ಕೆಲಸದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸ್ವಂತ ಕೈಯಿಂದ ಮಾಡುವ ಕೆಲಸಗಳಲ್ಲಿ ಕೋಣೆಯ ರೂಪವನ್ನು ಅತಿ ಹೆಚ್ಚು ಬದಲಿಸುವುದು ಇದೇ. ಬಣ್ಣ ಬಳಿಯುವುದು ಕಷ್ಟವಲ್ಲ. ಬಳಿಯುವ ಮುಂಚಿನ ತಯಾರಿಗೇ ಸಮಯದ ಬಹುಪಾಲು ಹೋಗುತ್ತದೆ, ಹೋಗಬೇಕು ಕೂಡ.

ಮೊದಲು ಗೋಡೆಯ ಮೇಲೆ ಅಂಗೈ ಒತ್ತಿ ಉಜ್ಜಿ ನೋಡಿ. ಕೈಗೆ ಬಿಳಿಯ ಪುಡಿ ಹತ್ತಿದರೆ ಅದು ಹಳೆಯ ಸುಣ್ಣ ಅಥವಾ ಡಿಸ್ಟೆಂಪರ್. ಅದರ ಮೇಲೆ ನೇರವಾಗಿ ಎಮಲ್ಷನ್ (ನೀರಿನಲ್ಲಿ ಕಲಸಿ ಬಳಿಯುವ ಗೋಡೆಬಣ್ಣ) ಬಳಿದರೆ, ಹೊಸ ಬಣ್ಣವು ಗೋಡೆಯನ್ನು ಹಿಡಿಯದೆ ಆ ಪುಡಿಯನ್ನು ಹಿಡಿದುಕೊಂಡು ಕೆಲವೇ ತಿಂಗಳಲ್ಲಿ ಪದರಪದರವಾಗಿ ಏಳುತ್ತದೆ. ಅಂಥ ಗೋಡೆಯನ್ನು ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ, ಬಣ್ಣ ಚೆನ್ನಾಗಿ ಹಿಡಿಯಲೆಂದು ಅಡಿಗೆ ಬಳಿಯುವ ಪ್ರೈಮರ್ ಹಚ್ಚಲೇಬೇಕು. ಕೈಗೆ ಏನೂ ಹತ್ತದಿದ್ದರೆ ಸಾಬೂನು ನೀರಿನಲ್ಲಿ ಒರೆಸಿ ಜಿಡ್ಡು ತೆಗೆದು, ನವಿರಾಗಿ ಸ್ಯಾಂಡ್‌ಪೇಪರ್ ಉಜ್ಜಿದರೆ ಸಾಕಾಗುತ್ತದೆ.

ಮೊಳೆಯ ತೂತುಗಳಿಗೆ ಪುಟ್ಟಿ ತುಂಬುವಾಗ ಒಂದೇ ಸಲಕ್ಕೆ ದಪ್ಪನಾಗಿ ಮೆತ್ತಬೇಡಿ, ಒಣಗುವಾಗ ಅದು ಕುಗ್ಗಿ ನಡುವೆ ತಗ್ಗು ಬೀಳುತ್ತದೆ. ತೂತಿನ ಸುತ್ತ ಉಬ್ಬಿರುವ ಹಳೆಯ ಬಣ್ಣದ ಅಂಚನ್ನು ಚಾಕುವಿನ ತುದಿಯಿಂದ ಕೆರೆದು, ಒಳಗಿನ ಧೂಳನ್ನು ಊದಿ ತೆಗೆದು, ಒದ್ದೆ ಬ್ರಷ್‌ನಿಂದ ಸ್ವಲ್ಪ ತೇವ ಮಾಡಿ, ತೆಳುವಾಗಿ ತುಂಬಿ ಒಣಗಲು ಬಿಡಿ. ಒಣಗಿದ ಮೇಲೆ ಇನ್ನೊಂದು ತೆಳು ಪದರ ಎಳೆದು, ಅದೂ ಒಣಗಿದ ಬಳಿಕ 120 ಸಂಖ್ಯೆಯ ಸ್ಯಾಂಡ್‌ಪೇಪರ್‌ನಿಂದ ಆರಂಭಿಸಿ 220ರಿಂದ ನಯಗೊಳಿಸಿ. ನಯವಾಯಿತೇ ಎಂದು ತಿಳಿಯಲು ಕಣ್ಣನ್ನು ನಂಬುವ ಬದಲು ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡಲಾಗಿ ಬೆಳಕು ಬಿಡಿ. ಉಬ್ಬುತಗ್ಗುಗಳ ನೆರಳು ಕೂಡಲೇ ಕಾಣಿಸುತ್ತದೆ.

ಬಣ್ಣ ಎಷ್ಟು ಬೇಕೆಂಬ ಲೆಕ್ಕ ಹೀಗಿದೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯ ಗೋಡೆಗಳ ಒಟ್ಟು ವಿಸ್ತೀರ್ಣ 440 ಚದರ ಅಡಿ. ಬಾಗಿಲು, ಕಿಟಕಿಗಳನ್ನು ಕಳೆದರೆ ಸುಮಾರು 400 ಉಳಿಯುತ್ತದೆ. ನಯವಾದ ಗೋಡೆಯಲ್ಲಿ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ 100ರಿಂದ 120 ಚದರ ಅಡಿ ಬರುವುದರಿಂದ, ಎರಡು ಕೋಟ್‌ಗೆ 7ರಿಂದ 8 ಲೀಟರ್ ಬೇಕಾಗುತ್ತದೆ. ಬಣ್ಣವನ್ನು ಅಂಗಡಿಯ ಸಣ್ಣ ಕಾರ್ಡಿನಲ್ಲಿ ನೋಡಿ ತೀರ್ಮಾನಿಸುವುದು ಸರಿಯಲ್ಲ. ಚಿಕ್ಕ ಡಬ್ಬಿಯೊಂದನ್ನು ತಂದು, ದೊಡ್ಡ ಡ್ರಾಯಿಂಗ್ ಹಾಳೆಗೆ ಎರಡು ಕೋಟ್ ಬಳಿದು, ಆ ಹಾಳೆಯನ್ನು ಬೇರೆ ಬೇರೆ ಗೋಡೆಗಳಿಗೆ ಅಂಟಿಸಿ, ಬೆಳಿಗ್ಗೆ, ಸಂಜೆ ಹಾಗೂ ದೀಪದ ಬೆಳಕಿನಲ್ಲಿ ನೋಡಿದ ಮೇಲೆಯೇ ನಿರ್ಧರಿಸಬೇಕು.

ಬಳಿಯುವಾಗ ಸೂರಿನ ಅಂಚು, ಮೂಲೆ, ಸ್ವಿಚ್‌ಬೋರ್ಡಿನ ಸುತ್ತ ಎರಡು ಇಂಚಿನ ಬ್ರಷ್‌ನಿಂದ ಪಟ್ಟಿ ಎಳೆದುಕೊಂಡು, ಆ ಪಟ್ಟಿ ಹಸಿಯಾಗಿರುವಾಗಲೇ ರೋಲರ್ ಓಡಿಸಬೇಕು. ಅರ್ಧ ಗೋಡೆ ಮುಗಿಸಿ ಊಟಕ್ಕೆ ಏಳಬಾರದು. ಒಣಗಿದ ಅಂಚಿನ ಮೇಲೆ ಹಸಿ ಬಣ್ಣ ಬಿದ್ದರೆ ಅಲ್ಲಿ ಗೆರೆ ಉಳಿದುಬಿಡುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ನಾಲ್ಕು ಗಂಟೆ, ಬಿಟ್ಟು ಎರಡನೆಯ ಕೋಟ್ ಬಳಿಯಿರಿ. ಆ ನಡುವೆ ರೋಲರನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿಟ್ಟರೆ ಗಟ್ಟಿಯಾಗದು. ಬಣ್ಣ ತಾಗಬಾರದ ಅಂಚುಗಳಿಗೆ ಮೊದಲೇ ಅಂಟಿಸಿಕೊಂಡ ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟ್ ಇನ್ನೂ ಸ್ವಲ್ಪ ಹಸಿಯಿರುವಾಗಲೇ ಓರೆಯಾಗಿ, ನಿಧಾನವಾಗಿ ಎಳೆದು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಅದು ಬಣ್ಣದ ಅಂಚನ್ನೂ ಕಿತ್ತುಕೊಂಡು ಬರುತ್ತದೆ.

ಮೂರನೆಯ ಉತ್ತರ

ಕಪಾಟಿನ ಬಾಗಿಲಿನ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತಿದ್ದೇನೆ. ಜೋತುಬಿದ್ದ ಬಾಗಿಲನ್ನು ನೋಡಿ ಕಪಾಟೇ ಹಾಳಾಯಿತೆಂದು ತೀರ್ಮಾನಿಸಬೇಡಿ. ಬಾಗಿಲು ಮುಚ್ಚಿದಾಗ ಹೊರಗೆ ಕಾಣದಂತೆ ಒಳಗೆ ಅಡಗಿರುವ ಬಗೆಯ ಹಿಂಜ್ ಆಗಿದ್ದರೆ, ಅದರಲ್ಲಿ ಹೊಂದಿಸಲೆಂದೇ ಇರುವ ಸ್ಕ್ರೂಗಳಿರುತ್ತವೆ: ಒಂದು ಬಾಗಿಲನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ, ಇನ್ನೊಂದು ಒಳಕ್ಕೆ ಹೊರಕ್ಕೆ. ಅರ್ಧ ಸುತ್ತು ತಿರುಗಿಸಿ, ಬಾಗಿಲು ಮುಚ್ಚಿ ನೋಡಿ, ಮತ್ತೆ ಅರ್ಧ ಸುತ್ತು, ಹೀಗೆ ಮೇಲಿನ ಹಿಂಜನ್ನೂ ಕೆಳಗಿನದನ್ನೂ ಸರಿಹೊಂದಿಸಿದರೆ ಬಾಗಿಲು ನೆಟ್ಟಗೆ ಕೂರುತ್ತದೆ.

ಸ್ಕ್ರೂ ತಿರುಗಿಸಿದಷ್ಟೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ, ಮರದೊಳಗಿನ ತೂತು ದೊಡ್ಡದಾಗಿದೆ ಎಂದರ್ಥ. ಸ್ಕ್ರೂ ತೆಗೆದು, ಮದ್ದಿನ ತಲೆ ಮುರಿದುಹಾಕಿದ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ, ಇನ್ನೊಂದು ಕಡ್ಡಿ ತೂರದಷ್ಟು ಒತ್ತಾಗಿ ಆ ತೂತಿನಲ್ಲಿ ತುಂಬಿ, ಒಂದು ರಾತ್ರಿ ಒಣಗಲು ಬಿಟ್ಟು, ಹೊರಗೆ ಉಳಿದ ತುದಿಗಳನ್ನು ಚಾಕುವಿನಿಂದ ಸಮನಾಗಿ ಕತ್ತರಿಸಿ, ಅದೇ ಸ್ಕ್ರೂವನ್ನು ಮತ್ತೆ ಹಾಕಿ. ಹೊಸ ಮರಕ್ಕೆ ಹಾಕಿದಷ್ಟೇ ಬಿಗಿಯಾಗಿ ನಿಲ್ಲುತ್ತದೆ. ಈ ಉಪಾಯ ಬಾಗಿಲಿನ ಚಿಲಕಕ್ಕೂ ಕುರ್ಚಿಯ ಕೈಗೂ ಆಗುತ್ತದೆ.

ಹಿಡಿಕೆಗಳನ್ನು ಬದಲಿಸಿದರೆ ಹಳೆಯ ಕಪಾಟು ಹೊಸದರಂತೆಯೇ ಕಾಣುತ್ತದೆ. ಆದರೆ ಕೊಳ್ಳಲು ಹೋಗುವ ಮುನ್ನ ಎರಡು ಸ್ಕ್ರೂ ತೂತುಗಳ ನಡುವಿನ ಅಂತರವನ್ನು, ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ, ಮಿಲಿಮೀಟರಿನಲ್ಲಿ ಅಳೆದುಕೊಳ್ಳಿ. ಸಾಮಾನ್ಯವಾಗಿ ಅದು 96 ಅಥವಾ 128 ಇರುತ್ತದೆ. ಅದೇ ಅಳತೆಯದನ್ನು ತಂದರೆ ಹೊಸ ತೂತು ಕೊರೆಯುವ, ಹಳೆಯದನ್ನು ಮುಚ್ಚುವ ಗೋಜೇ ಇರುವುದಿಲ್ಲ. ಮರಕ್ಕೆ ಹೊಸದಾಗಿ ವಾರ್ನಿಷ್ ಹಚ್ಚುವುದಾದರೆ, ಸ್ಯಾಂಡ್‌ಪೇಪರನ್ನು ಮರದ ಎಳೆಗಳು ಓಡಿರುವ ದಿಕ್ಕಿನಲ್ಲೇ ಉಜ್ಜಿ. ಅಡ್ಡಲಾಗಿ ಉಜ್ಜಿದ ಗೀರುಗಳು ವಾರ್ನಿಷ್ ಹಚ್ಚಿದ ಮೇಲೆ ಎದ್ದು ಕಾಣುತ್ತವೆ.

ಪ್ರಶ್ನೆ ಕೇಳಿದವರು ಮತ್ತೆ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕೋಣೆಯನ್ನು ಖಾಲಿ ಮಾಡಿದಾಗ, ಮಲಗುವ ಕೋಣೆಯ ಒಂದು ಗೋಡೆಯ ಕೆಳಭಾಗದಲ್ಲಿ ಬಣ್ಣ ಉಬ್ಬಿ, ಬಿಳಿಯ ಹಿಟ್ಟಿನಂಥದ್ದು ಉದುರುತ್ತಿರುವುದು ಕಂಡಿತು. ಆ ಗೋಡೆಗೆ ಮಾತ್ರ ಅಂಟಿಸುವ ವಾಲ್‌ಪೇಪರ್ ಹಾಕಿ ಮುಚ್ಚಬಹುದೇ?

ನಾಲ್ಕನೆಯ ಉತ್ತರ

ದಯವಿಟ್ಟು ಮುಚ್ಚಬೇಡಿ. ಆ ಬಿಳಿಯ ಪುಡಿ ಗೋಡೆಯ ಒಳಗಿನ ಲವಣ. ಇಟ್ಟಿಗೆ ಮತ್ತು ಗಾರೆಯೊಳಗೆ ಸೇರಿದ ನೀರು ಅಲ್ಲಿನ ಲವಣಗಳನ್ನು ಕರಗಿಸಿಕೊಂಡು ಹೊರಮೈಗೆ ಬಂದು, ನೀರು ಆವಿಯಾದ ಬಳಿಕ ಲವಣ ಮಾತ್ರ ಉಳಿಯುತ್ತದೆ. ಅದು ಹರಳುಗಟ್ಟುವಾಗ ಮೇಲಿನ ಬಣ್ಣವನ್ನು ಎತ್ತಿಹಾಕುತ್ತದೆ. ಅದರ ಮೇಲೆ ವಾಲ್‌ಪೇಪರ್ ಅಂಟಿಸಿದರೆ ಪುಡಿಯ ಮೇಲೆ ಅಂಟು ಹಿಡಿಯುವುದಿಲ್ಲ, ಹಿಡಿದರೂ ಒಳಗಿನ ತೇವ ಹೊರಬರಲಾರದೆ ಹಿಂದೆ ಬೂಷ್ಟು ಬೆಳೆಯುತ್ತದೆ. ಮುಚ್ಚಿದ ತೇವ ವಾಸಿಯಾಗುವುದಿಲ್ಲ, ಪಕ್ಕಕ್ಕೆ ಹಬ್ಬುತ್ತದೆ.

ತೇವ ಎಲ್ಲಿಂದ ಬರುತ್ತಿದೆ ಎಂದು ಮೊದಲು ಪರೀಕ್ಷಿಸಿ. ಗೋಡೆಯ ಮೇಲ್ಮೈಯನ್ನು ಒರೆಸಿ ಒಣಗಿಸಿ, ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಟೇಪ್ ಹಾಕಿ ಗಾಳಿ ಹೋಗದಂತೆ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ನೀರಿನ ಹನಿಗಳು ಕಂಡರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯಲ್ಲಿನ ತೇವ ತಣ್ಣನೆಯ ಗೋಡೆಗೆ ತಗುಲಿ ನೀರಾಗುತ್ತಿದೆ. ಎರಡನೆಯದಾದರೆ ಕಿಟಕಿ ತೆರೆದಿಡುವುದು, ಕೋಣೆಯೊಳಗೆ ಬಟ್ಟೆ ಒಣಹಾಕದಿರುವುದು, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಇಡುವುದು ಇಷ್ಟರಿಂದಲೇ ಬಹಳ ಸುಧಾರಿಸುತ್ತದೆ. ಮೊದಲನೆಯದಾದರೆ ಗೋಡೆಯ ಹೊರಬದಿಯನ್ನು ಹೋಗಿ ನೋಡಿ: ಬಿರುಕಿದೆಯೇ, ಮಳೆನೀರಿನ ಕೊಳವೆ ಸೋರುತ್ತಿದೆಯೇ, ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರಕ್ಕೆ ಬಂದಿದೆಯೇ, ಗೋಡೆಯ ಮಗ್ಗುಲಲ್ಲಿ ಸ್ನಾನದ ಮನೆಯ ಟೈಲ್ಸ್ ಸಂದುಗಳು ಬಿಟ್ಟುಕೊಂಡಿವೆಯೇ? ಕಾರಣ ಸಿಕ್ಕಿ, ಅದನ್ನು ಸರಿಪಡಿಸಿ, ಗೋಡೆ ಪೂರ್ತಿ ಒಣಗುವವರೆಗೆ ಆ ಗೋಡೆಯನ್ನು ಮುಟ್ಟಬೇಡಿ. ಒಣಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕಾಗಬಹುದು. ಲವಣವನ್ನು ಒಣ ಬ್ರಷ್‌ನಿಂದಲೇ ಉಜ್ಜಿ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಕಾರಣವೇ ಗೊತ್ತಾಗದಿದ್ದರೆ ಅನುಭವಿಗಳಾದ ಮೇಸ್ತ್ರಿಯನ್ನು ಕರೆಸಿ; ಈ ಒಂದು ಕೆಲಸದಲ್ಲಿ ಹಟ ಬೇಡ.

ಐದನೆಯ ಉತ್ತರ

ಪರದೆ ಮತ್ತು ಚಿತ್ರಗಳ ಬಗ್ಗೆ ಎರಡು ಮಾತು. ಪರದೆಯ ಕಂಬಿಯನ್ನು ಕಿಟಕಿಯ ಚೌಕಟ್ಟಿಗೆ ತಾಗಿಸಿ ಹಾಕದೆ, ಅದರಿಂದ ಐದಾರು ಇಂಚು ಮೇಲಕ್ಕೆ, ಎರಡೂ ಬದಿಗೆ ಅಷ್ಟಷ್ಟೇ ಚಾಚುವಂತೆ ಹಾಕಿದರೆ, ಪರದೆ ಸರಿಸಿದಾಗ ಗಾಜಿನ ಪೂರ್ತಿ ಅಗಲಕ್ಕೂ ಬೆಳಕು ಬರುತ್ತದೆ ಮತ್ತು ಕಿಟಕಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನೆರಿಗೆ ಚೆನ್ನಾಗಿ ಬೀಳಬೇಕಾದರೆ ಬಟ್ಟೆಯ ಒಟ್ಟು ಅಗಲ ಕಂಬಿಯ ಉದ್ದದ ಎರಡರಷ್ಟಾದರೂ ಇರಬೇಕು. ಹತ್ತಿಬಟ್ಟೆಯಾದರೆ ಹೊಲಿಯುವ ಮುನ್ನ ಒಮ್ಮೆ ಒಗೆದು ಒಣಗಿಸಿಕೊಳ್ಳಿ, ಕುಗ್ಗುವಷ್ಟು ಮೊದಲೇ ಕುಗ್ಗಿರುತ್ತದೆ.

ಚಿತ್ರಗಳನ್ನು ಹೆಚ್ಚಿನವರು ತೀರಾ ಎತ್ತರಕ್ಕೆ ತೂಗುಹಾಕುತ್ತಾರೆ. ಚಿತ್ರದ ಮಧ್ಯಭಾಗ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ನೇರವಾಗಿರುತ್ತದೆ. ಹಲವು ಚಿತ್ರಗಳಿದ್ದರೆ, ಅವುಗಳ ಅಳತೆಗೆ ಹಳೆಯ ಪತ್ರಿಕೆಯ ಹಾಳೆ ಕತ್ತರಿಸಿ, ಗೋಡೆಗೆ ಟೇಪಿನಿಂದ ಅಂಟಿಸಿ, ಜಾಗ ಒಪ್ಪಿಗೆಯಾದ ಮೇಲೆಯೇ ತೂತು ಕೊರೆಯಿರಿ. ಸ್ವಿಚ್ ಮತ್ತು ಸಾಕೆಟ್‌ಗಳ ನೇರ ಮೇಲೆ ಅಥವಾ ಕೆಳಗೆ ಎಂದಿಗೂ ಡ್ರಿಲ್ ಇಡಬೇಡಿ. ಗೋಡೆಯೊಳಗಿನ ವಿದ್ಯುತ್ ತಂತಿಗಳು ಬಹುಪಾಲು ಆ ನೇರದಲ್ಲೇ ಹೋಗಿರುತ್ತವೆ.

ಎರಡನೆಯ ಉತ್ತರ ಬರೆದವರು ಮತ್ತೆ

ಸುರಕ್ಷತೆಯ ವಿಷಯವನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನವಿರದು. ಮನೆ ಬಹಳ ಹಳೆಯದಾಗಿದ್ದರೆ ಬಾಗಿಲು, ಕಿಟಕಿಗಳ ಹಳೆಯ ಎನಾಮೆಲ್ ಬಣ್ಣದಲ್ಲಿ ಸೀಸವಿರುವ ಸಂಭವವಿದೆ. ಸೀಸದ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಇಷ್ಟರವರೆಗೆ ಸುರಕ್ಷಿತವೆಂದು ಹೇಳಬಹುದಾದ ಮಟ್ಟ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಬಣ್ಣವನ್ನು ಒಣದಾಗಿ ಉಜ್ಜುವುದಾಗಲಿ ಬಿಸಿ ಮಾಡಿ ಕೀಳುವುದಾಗಲಿ ಬೇಡ. ಗಟ್ಟಿಯಾಗಿ ಕೂತಿದ್ದರೆ ಅದರ ಮೇಲೆಯೇ ಹೊಸ ಪದರ ಬಳಿಯಿರಿ, ಚಕ್ಕೆ ಏಳುತ್ತಿದ್ದರೆ ಬಲ್ಲವರಿಗೆ ಒಪ್ಪಿಸಿ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಟೈಲ್ಸ್ ಸಂದು ತೊಳೆಯುವಾಗ ಬ್ಲೀಚಿನ ಜೊತೆಗೆ ಆಮ್ಲವನ್ನಾಗಲಿ ಅಮೋನಿಯಾ ಇರುವ ದ್ರವವನ್ನಾಗಲಿ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಇನ್ನೊಂದು ಚಿಕ್ಕ ಸಲಹೆ: ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಗೆ ಸುರಿದು, ಮುಚ್ಚಳ ಭದ್ರವಾಗಿ ಹಾಕಿ, ಅದರ ಮೇಲೆ ಕೋಣೆಯ ಹೆಸರು, ಬಣ್ಣದ ಸಂಕೇತ ಸಂಖ್ಯೆ ಮತ್ತು ಬಳಿದ ತಿಂಗಳನ್ನು ಬರೆದಿಡಿ. ಮುಂದೆ ಎಲ್ಲಿಯಾದರೂ ಗೀರು ಬಿದ್ದಾಗ ಚಿಕ್ಕ ಬ್ರಷ್‌ನಿಂದ ಅಲ್ಲಿಗೆ ಮಾತ್ರ ಹಚ್ಚಬಹುದು.