ಪದಚರ್ಚೆ: ‘ವ್ಯಂಗ್ಯ’ ಅಂದ್ರೆ ಬರೀ ಚುಚ್ಚುಮಾತಾ?

ನಮಸ್ಕಾರ ಎಲ್ರಿಗೂ, ಒಂದು ಪದದ ವಿಷ್ಯ ಕೇಳ್ಲಿಕ್ಕುಂಟು, ಸ್ವಲ್ಪ ಉದ್ದ ಆಗ್ತದೆ, ಬೈಬೇಡಿ.

ಮೊನ್ನೆ ಮಗಳ ಪಿಯುಸಿ ಕನ್ನಡ ಟೆಸ್ಟ್ ಪೇಪರ್ ಕೈಗೆ ಸಿಕ್ತು. ಒಂದು ಪದ್ಯ ಕೊಟ್ಟು ‘ಇದರ ವ್ಯಂಗ್ಯಾರ್ಥವನ್ನು ವಿವರಿಸಿ’ ಅಂತ ಪ್ರಶ್ನೆ, ನಾಲ್ಕು ಮಾರ್ಕಿಗೆ. ಇವ್ಳು ಕವಿ ಯಾರನ್ನು ಗೇಲಿ ಮಾಡಿದ್ದಾರೆ, ಯಾಕೆ ಮಾಡಿದ್ದಾರೆ ಅಂತ ಅರ್ಧ ಪುಟ ಕೊರೆದಿದ್ದಾಳೆ. ಪದ್ಯದಲ್ಲಿರೋದು ಮಳೆ ನಿಂತ ಮೇಲೆ ಒಬ್ಳು ಹೊಸ್ತಿಲಲ್ಲಿ ಕೂತು ದಾರಿ ನೋಡ್ತಾ ಇರೋದು, ಅದ್ರಲ್ಲಿ ಗೇಲಿ ಎಲ್ಲಿಂದ ಬರ್ಬೇಕು! ಮಾರ್ಕು ಸೊನ್ನೆ. ‘ವ್ಯಂಗ್ಯ ಅಂದ್ರೆ ಟಾಂಟ್ ಕೊಡೋದಲ್ವಾ ಅಪ್ಪ’ ಅಂತ ಅವ್ಳ ವಾದ, ತಪ್ಪು ಅಂತ ಹೇಳ್ಲಿಕ್ಕೆ ನಂಗೂ ಬಾಯಿ ಬರ್ಲಿಲ್ಲ ಯಾಕಂದ್ರೆ ಮನೇಲಿ ದಿನಾ ‘ವ್ಯಂಗ್ಯ ಮಾತಾಡ್ಬೇಡ’ ಅಂತ ಅವ್ಳಿಗೆ ಹೇಳೋದು ನಾನೇ.

ಈ ವ್ಯಂಗ್ಯ ಅನ್ನೋ ಪದದ ಬೇರು ಸಂಸ್ಕೃತದ ಅಂಜ್ ಅನ್ನೋ ಧಾತು, ಅಂದ್ರೆ ಬಳಿಯೋದು, ಹಚ್ಚೋದು. ಕಣ್ಣಿಗೆ ಹಚ್ಚೋ ಅಂಜನ ಅಲ್ಲಿಂದಲೇ. ಅದ್ರ ಮೊದಲಿಗೆ ‘ವಿ’ ಸೇರಿದ್ರೆ ಕಾಣೋ ಹಾಗೆ ಮಾಡೋದು. ವ್ಯಕ್ತ, ವ್ಯಕ್ತಿ, ಅಭಿವ್ಯಕ್ತಿ ಎಲ್ಲ ಅದೇ ಕುಟುಂಬ. ಬಾಳೆಲೆ ಮೇಲೆ ಅನ್ನದ ಜೊತೆ ಬೀಳೋ ಪಲ್ಯ, ಗಸಿ, ಕೋಸಂಬರಿಗೆ ಹಳಬರು ವ್ಯಂಜನ ಅಂತಾರಲ್ಲ, ಅದೂ ಸಹ. ಹಾಗೆ ನೋಡಿದ್ರೆ ವ್ಯಂಗ್ಯ ಅಂದ್ರೆ ಮಾತು ಬಾಯಿ ಬಿಟ್ಟು ಹೇಳದೆ ತೋರಿಸಿಕೊಡೋ ಅರ್ಥ, ಅಷ್ಟೆ. ಅದು ಪ್ರೀತಿ ಆಗ್ಬಹುದು, ದುಃಖ ಆಗ್ಬಹುದು, ಬೈಗುಳವೂ ಆಗ್ಬಹುದು.

ಕಾವ್ಯಶಾಸ್ತ್ರದವರು ಪದ ಅರ್ಥ ಕೊಡೋ ರೀತಿಯನ್ನ ಮೂರು ಮಾಡ್ತಾರೆ: ನೇರ ಅರ್ಥ ಹೇಳೋದು ಅಭಿಧೆ, ಅದು ಹೊಂದದಿದ್ರೆ ಅದಕ್ಕೆ ಸಂಬಂಧ ಇರೋ ಇನ್ನೊಂದು ಅರ್ಥ ಹಿಡಿಯೋದು ಲಕ್ಷಣೆ, ವ್ಯಂಗ್ಯವನ್ನ ಹೊಳೆಯಿಸೋದು ವ್ಯಂಜನೆ. ಅವ್ರ ಹಳೇ ಉದಾಹರಣೆ ‘ಗಂಗಾಯಾಂ ಘೋಷಃ’, ಗಂಗೆಯಲ್ಲಿ ಹಟ್ಟಿ. ನೀರಿನ ಮೇಲೆ ಹಟ್ಟಿ ಕಟ್ಲಿಕ್ಕಾಗೂದಿಲ್ಲ, ಹಾಗಾಗಿ ಗಂಗೆ ಅಂದ್ರೆ ದಡ ಅಂತ ತಕೊಳ್ಳೋದು ಲಕ್ಷಣೆ, ಆ ಜಾಗದ ತಂಪು, ಪಾವಿತ್ರ್ಯ ಎಲ್ಲ ಮನಸ್ಸಿಗೆ ಬರೋದು ವ್ಯಂಗ್ಯ. ಮಗಳಿಗೆ ನಾನು ‘ಅವ್ರ ಮನೆ ಕಡಲಲ್ಲೇ ಮಾರಾಯ್ತಿ’ ಅಂತ ಹೇಳಿ ವಿವರಿಸಿದೆ. ಕಡಲು ಅಂದ್ರೆ ಇಲ್ಲಿ ಕಡಲ ಕರೆ, ಅಂದ್ರೆ ದಡ. ಏಪ್ರಿಲಲ್ಲಿ ಹೇಳಿದ್ರೆ ಎಂತ ಗಾಳಿ ಅಂತ ಹೊಟ್ಟೆಕಿಚ್ಚು, ಅದೇ ಮಾತನ್ನ ಉಳ್ಳಾಲದ ಕಡೆ ಜುಲೈಯಲ್ಲಿ ಹೇಳಿದ್ರೆ ಕಡಲ್ಕೊರೆತದ ಹೆದರಿಕೆ. ಪದ ಒಂದೇ, ವ್ಯಂಗ್ಯ ಬೇರೆ. 11ನೇ ಶತಮಾನದ ಕಾವ್ಯಶಾಸ್ತ್ರಕಾರ ಮಮ್ಮಟ ‘ಸೂರ್ಯ ಮುಳುಗಿದ’ ಅನ್ನೋ ಒಂದೇ ವಾಕ್ಯ ಹಿಡ್ಕೊಂಡು ಕೇಳುವವರು ಯಾರು ಅನ್ನೋದ್ರ ಮೇಲೆ ಅರ್ಥ ಹೇಗೆಲ್ಲ ಬದಲಾಗ್ತದೆ ಅಂತ ತೋರಿಸ್ತಾನೆ, ನಮ್ಮಲ್ಲೂ ಅಷ್ಟೇ ಅಲ್ವಾ, ‘ಹೊತ್ತು ಕಂತಿತು’ ಅಂದ್ರೆ ಅಮ್ಮನಿಗೆ ದೀಪ ಹಚ್ಲಿಕ್ಕಾಯ್ತು, ಯಕ್ಷಗಾನ ಮೇಳದವರಿಗೆ ವೇಷ ಹಾಕೋ ಚೌಕಿಗೆ ಹೋಗ್ಲಿಕ್ಕಾಯ್ತು.

ಹಾಗಾದ್ರೆ ಟಾಂಟ್ ಎಲ್ಲಿಂದ ಬಂತು? ಅದೂ ಶಾಸ್ತ್ರದಲ್ಲೇ ಉಂಟು. ದ್ರೋಹ ಮಾಡಿದವನಿಗೆ ‘ಎಷ್ಟೊಂದು ಉಪಕಾರ ಮಾಡಿದಿರಿ’ ಅನ್ನೋ ಒಂದು ಹಳೇ ಶ್ಲೋಕ ಉಂಟು, ಅಲ್ಲಿ ಹೇಳಿದ ಅರ್ಥ ಪೂರ್ತಿ ಸತ್ತು ಉಲ್ಟಾ ಅರ್ಥ ಏಳ್ತದೆ, ವಿಪರೀತ ಲಕ್ಷಣೆ ಅಂತಾರೆ. ತಾಳಮದ್ದಳೆ, ಅಂದ್ರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ, ಕೇಳುವವರಿಗೆ ಇದೇನು ಹೊಸತಲ್ಲ. ಕೃಷ್ಣಸಂಧಾನದಲ್ಲಿ ಕೌರವ ಕೃಷ್ಣನಿಗೆ ‘ಅರಮನೆ ಬಿಟ್ಟು ವಿದುರನ ಮನೆ ಹಾಲು ಕುಡಿದಿರಂತೆ, ದೊಡ್ಡ ಮನಸ್ಸು ನಿಮ್ಮದು’ ಅಂತ ನಯವಾಗಿ ಎತ್ತಿದ ಅಂತಿಟ್ಕೊಳ್ಳಿ, ಸಭೆ ನಗ್ತದೆ. ನನ್ನ ಊಹೆ, ಸಾವಿರ ಥರದ ವ್ಯಂಗ್ಯದಲ್ಲಿ ಇದೊಂದೇ ಬೀದಿಗೆ ಇಳೀತು, ಉಳಿದದ್ದು ಪಠ್ಯಪುಸ್ತಕದಲ್ಲೇ ಕೂತ್ಕೊಂಡಿತು.

ಮಜಾ ಅಂದ್ರೆ ‘ಕೊಂಕು’ಗೂ ಇದೇ ಗತಿ. ಕೊಂಕು ಅಂದ್ರೆ ಬಾಗಿದ್ದು, ಕೂದಲು ಕೊಂಕದ ಹಾಗೆ ಅಂತೀವಲ್ಲ, ಅದೇ. ಕೊಂಕು ಮಾತು ಅನ್ನೋದನ್ನ ಸಂಸ್ಕೃತಕ್ಕೆ ಹಾಕಿದ್ರೆ ವಕ್ರೋಕ್ತಿ ಆಗ್ತದೆ, ಕುಂತಕ ಅನ್ನೋ ಕಾವ್ಯಶಾಸ್ತ್ರಕಾರನಿಗೆ ಅದು ಕಾವ್ಯದ ಜೀವ! ನಮ್ಗೆ ಮಾತ್ರ ಕೊಂಕು ಅಂದ್ರೆ ಮದುವೆಮನೇಲಿ ಅತ್ತಿಗೆ ನಾದಿನಿಯರು ಆಡೋ ಮಾತು. ನೇರ ಅಲ್ಲದ ಮಾತೆಲ್ಲ ಬೈಯೋದೇ ಅಂತ ನಾವು ಯಾಕೆ ತಿಳ್ಕೊಂಡ್ವೋ.

ಈಗ ನನ್ನ ಪ್ರಶ್ನೆ. ಇಂಗ್ಲಿಷಿನ ಐರನಿಗೆ ವಿಮರ್ಶೆ ಬರೆಯುವವರು ‘ವ್ಯಂಗ್ಯ’ ಅಂತಲೇ ಹಾಕ್ತಾರೆ, ಅಲ್ಲಿಗೆ ಗೊಂದಲ ಡಬ್ಬಲ್. ವಿಡಂಬನೆ ಅಂದ್ರೆ ಅಣಕದ ವಾಸನೆ ಜಾಸ್ತಿ. ವ್ಯಾಜಸ್ತುತಿ, ಅಂದ್ರೆ ಹೊಗಳಿದ ಹಾಗೆ ಮಾಡಿ ತೆಗಳೋದು, ಕೌರವನ ಮಾತಿಗೆ ಸರಿ ಕೂತ್ಕೊಳ್ತದೆ, ಆದ್ರೆ ಫೈರ್ ಸ್ಟೇಷನ್ನಿಗೇ ಬೆಂಕಿ ಬಿತ್ತು ಅನ್ನೋ ಥರದ್ದಕ್ಕೆ ಆಗೂದಿಲ್ಲ, ಅಲ್ಲಿ ಯಾರೂ ಯಾರನ್ನೂ ಹೊಗಳ್ಳಿಲ್ಲ. ನೀವೆಲ್ಲ ಎಂತ ಬಳಸ್ತೀರಿ? ಮತ್ತೆ, 1894ರಲ್ಲಿ ಇಲ್ಲೇ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಲ್ಲಿ ಅಚ್ಚಾದ ಕಿಟೆಲ್ ನಿಘಂಟು ಮನೇಲಿ ಇರೋರು ವ್ಯಂಗ್ಯ, ಕೊಂಕು ಎರಡೂ ತೆಗ್ದು ಫೋಟೋ ಹೊಡ್ದು ಹಾಕಿ. ಮಗಳು ಅದನ್ನ ಮೇಷ್ಟ್ರಿಗೆ ತೋರಿಸಿ ಒಂದಾದ್ರೂ ಮಾರ್ಕು ಕೇಳ್ತಾಳಂತೆ.