ಬೆಟಗೇರಿ ಮಗ್ಗ, ಡಿಸೈನ್, ನೈಸರ್ಗಿಕ ಬಣ್ಣ: ಸಂಶೋಧನೆ ಎಲ್ಲಿಂದ ಶುರು ಮಾಡಲಿ?

ಕೇಳಿದವರು, ಗದಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದಿ, ಸ್ವಲ್ಪ ಕಾಲ ಅಲ್ಲೇ ಕೆಲಸ ಮಾಡಿ, ಈಗ ಊರಿಗೆ ಬಂದು ಪಿಎಚ್‌ಡಿಗೆ ಸೇರಿದ್ದೇನೆ. ವಿಷಯದಲ್ಲಿ ಮೂರು ಭಾಗ ಇದೆ. ನಮ್ಮ ಕಡೆ ಬಟ್ಟೆ ಕಸುಬಿನ ದುಡಿಮೆ ಹೇಗೆ ಬದಲಾಯಿತು, ಅದರಲ್ಲಿ ಡಿಸೈನರ್ ಕೆಲಸ ಏನು, ನೈಸರ್ಗಿಕ ಬಣ್ಣದಂಥ ಪರಿಸರಸ್ನೇಹಿ ತಂತ್ರಜ್ಞಾನ ಇಲ್ಲಿ ನಡೆಯುತ್ತದಾ ಅಂತ. "ಇದು ಮೂರು ಪಿಎಚ್‌ಡಿ ಆಯ್ತಲ್ಲಮ್ಮ" ಅಂತಾರೆ ಗೈಡ್. ಬೆಟಗೇರಿಯ ಮಗ್ಗದ ಮನೆಗಳಿಗೆ ಹೋದರೆ "ಯಾವ ಸ್ಕೀಮಿನವರ್ರೀ ನೀವು?" ಅಂತಲೇ ಮಾತು ಶುರುವಾಗುತ್ತದೆ. ಈ ಕೆಲಸದಲ್ಲಿ ಇರುವವರು, ಇದ್ದವರು ನಿಮ್ಮ ಅನುಭವ ಹೇಳ್ತೀರಾ?

ಅರ್ಥಶಾಸ್ತ್ರ ಪಾಠ ಮಾಡುವವರು, ಧಾರವಾಡ

ಮೊದಲು ಅಂಕಿಅಂಶದ ಕಾಟ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಅಲ್ಲೇ ಎಡವುತ್ತಾರೆ. 1997ಕ್ಕೆ ಮುಂಚೆ ಗದಗ, ಹಾವೇರಿ ಜಿಲ್ಲೆಗಳೇ ಇರಲಿಲ್ಲ. ಎಲ್ಲಾ ಧಾರವಾಡ ಜಿಲ್ಲೆ. ಕೈಮಗ್ಗ ಗಣತಿ ನಡೆದದ್ದು 1987-88, 1995-96, 2009-10, 2019-20ರಲ್ಲಿ. ಮೊದಲ ಎರಡು ಹಳೆ ಜಿಲ್ಲೆಯವು, ಕೊನೆಯ ಎರಡು ಹೊಸ ಜಿಲ್ಲೆಯವು. ಹಾಗೇ ಪಕ್ಕಪಕ್ಕ ಇಟ್ಟರೆ ಧಾರವಾಡದಲ್ಲಿ ಮಗ್ಗಗಳು ರಾತ್ರೋರಾತ್ರಿ ಮಾಯವಾದಂತೆ ಕಾಣುತ್ತದೆ! ತಾಲೂಕು ಮಟ್ಟದ ಲೆಕ್ಕ ಸಿಕ್ಕರೆ ಮಾತ್ರ ಹೋಲಿಸಿ. ಇಲ್ಲದಿದ್ದರೆ ಕೊನೆಯ ಎರಡನ್ನೇ ಬಳಸಿ.

ನಂಜುಂಡಪ್ಪ ಸಮಿತಿ ವರದಿ (2002) ಎಲ್ಲರೂ ಉಲ್ಲೇಖಿಸುತ್ತಾರೆ. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂತ ಅದು ಗುರುತಿಸಿತು. ಪ್ರಾದೇಶಿಕ ಅಸಮತೋಲನ ಅರ್ಥವಾಗಲು ಅದನ್ನು ಓದಲೇಬೇಕು. ಆದರೆ ಅದು ತಾಲೂಕನ್ನು ಅಳೆಯುತ್ತದೆ. ಒಂದು ಓಣಿಯ ಕಸುಬು ಕೈಯಿಂದ ಕೈಗೆ ಹೇಗೆ ಜಾರಿತು ಅನ್ನುವುದು ಅದರಲ್ಲಿ ಸಿಗಲ್ಲ. ಹಿಂದಿನ ಕಾಲಕ್ಕೆ 1884ರ ಬಾಂಬೆ ಗೆಜೆಟಿಯರ್‌ನ ಧಾರವಾಡ ಸಂಪುಟ ನೋಡಿ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಆಗ ಧಾರವಾಡದ ಹತ್ತಿಗೆ ಬಂದ ಬೆಲೆ, ಯುದ್ಧ ಮುಗಿದ ಮೇಲೆ ಅದು ಕುಸಿದದ್ದು ಓದಿದರೆ, ನಮ್ಮ ಭಾಗದ ಬದುಕು ದೂರದ ಪೇಟೆಗೆ ಗಂಟು ಬಿದ್ದದ್ದು ಇವತ್ತು ನಿನ್ನೆಯದಲ್ಲ ಅಂತ ತಿಳಿಯುತ್ತದೆ.

ಗೈಡ್ ಹೇಳಿದ್ದು ಸರಿ. ಒಂದೇ ಒಂದು ಸರಕು ಹಿಡಿಯಿರಿ.

ನೇಕಾರರ ಮನೆಯವನು, ಬೆಟಗೇರಿ

ತಂಗಿ, "ಯಾವ ಸ್ಕೀಮು" ಅಂತ ಕೇಳುವುದಕ್ಕೆ ಕಾರಣ ಇದೆ. ಫೋಟೊ ತೆಗೆದುಕೊಂಡು, ಆಧಾರ್ ನಂಬರ್ ಬರೆದುಕೊಂಡು ಹೋದವರು ಬಹಳ ಜನ. ತಿರುಗಿ ಬಂದವರು ಕಡಿಮೆ. ಬೇಜಾರು ಮಾಡಿಕೊಳ್ಳಬೇಡಿ.

ನೇಯುತ್ತಾ ಕೂತವರ ಕೈಕಾಲು ಎರಡೂ ಕೆಲಸದಲ್ಲಿ ಇರುತ್ತವೆ. ಅವರನ್ನು ಮಾತಿಗೆ ಎಳೆದರೆ ಒಂದೆರಡು ಮಾತಲ್ಲಿ ಮುಗಿಸುತ್ತಾರೆ. ಪಕ್ಕದಲ್ಲಿ ರಾಟಿ ಹಿಡಿದು ಕಂಡಿಕೆ (ಲಾಳಿಯೊಳಗೆ ಹಾಕುವ ನೂಲಿನ ಸುರುಳಿ) ಸುತ್ತುವ ಅಮ್ಮ, ಅಕ್ಕ ಇರುತ್ತಾರಲ್ಲ, ಅವರ ಹತ್ತಿರ ಕೂಡಿ. ಮನೆಯ ಖರೀದಿ, ಸಾಲ, ಯಾವ ವರ್ಷ ಮಗ್ಗ ನಿಂತಿತು, ಯಾರು ಹುಬ್ಬಳ್ಳಿಗೆ ಕೆಲಸಕ್ಕೆ ಹೋದರು, ಎಲ್ಲಾ ಅವರಿಗೆ ಗೊತ್ತು. ಗಣತಿಯಲ್ಲಿ ಅವರನ್ನು "ಪೂರಕ ಕೆಲಸಗಾರರು" ಅಂತ ಬರೆಯುತ್ತಾರೆ. ಆದರೆ ಅವರಿಲ್ಲದೆ ಲಾಳಿ ಓಡಲ್ಲ.

ಇನ್ನು ಮುಖ್ಯ ವಿಷಯ. ಮಗ್ಗ ಎಷ್ಟಿದೆ ಅಂತ ಎಣಿಸುವುದಕ್ಕಿಂತ ನೂಲು ಯಾರದು ಅಂತ ಕೇಳಿ. ಸ್ವಂತ ನೂಲು ತಂದು ನೇಯುವವನು ಒಬ್ಬ. ಸಾಹುಕಾರ ಕೊಟ್ಟ ನೂಲಿಗೆ ಸೀರೆಗಿಷ್ಟು ಅಂತ ಕೂಲಿ ತೆಗೆದುಕೊಳ್ಳುವವನು ಇನ್ನೊಬ್ಬ. ಸೊಸೈಟಿಯಿಂದ ತರುವವನು ಮತ್ತೊಬ್ಬ. ಮೂವರ ಮಗ್ಗವೂ ಒಂದೇ ಥರ ಕಾಣುತ್ತದೆ, ಲೆಕ್ಕ ಮಾತ್ರ ಬೇರೆ. ಸೀರೆಯ ಬೆಲೆ ಏರಿದರೆ ಕೂಲಿಯವನಿಗೆ ಏನೂ ಸಿಗದೆ ಇರಬಹುದು. ನೂಲಿನ ಬೆಲೆ ಏರಿದರೆ ಸ್ವಂತ ನೂಲಿನವನು ಮೊದಲು ಮುಳುಗುತ್ತಾನೆ.

ಡಿಸೈನರ್‌ಗಳ ಬಗ್ಗೆ ಹೇಳಲೇಬೇಕು. "ಒಂದೇ ಒಂದು ಸ್ಯಾಂಪಲ್ ಮಾಡಿಕೊಡಿ ಅಣ್ಣಾ" ಅನ್ನುವ ಮಾತಿಗೆ ನಾವು ಹೆದರುತ್ತೇವೆ. ಯಾಕೆ ಅಂದರೆ ಒಂದು ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆ) ಏರಿಸಿದರೆ ಅದರಲ್ಲಿ ಹಲವು ಸೀರೆ ಬರಬೇಕು. ಮಧ್ಯದಲ್ಲಿ ಹಾಸಿನ ಬಣ್ಣ ಬದಲಿಸಲು ಆಗಲ್ಲ. ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯದಕ್ಕೆ ಒಂದೊಂದಾಗಿ ಕೂಡಿಸಬೇಕು. ಸೆರಗಿನ ಚಿತ್ರ ಬದಲಿಸಿದರೆ ಜಕಾರ್ಡಿನ (ಮಗ್ಗದ ಮೇಲೆ ಚಿತ್ರ ಮೂಡಿಸುವ ಸಾಧನದ) ರಟ್ಟು ಹೊಸದಾಗಿ ತೂತು ಹಾಕಿಸಬೇಕು. ಅಷ್ಟು ದಿನ ಮಗ್ಗ ನಿಂತಿರುತ್ತದೆ, ಆ ದಿನಗಳ ಕೂಲಿ ಯಾರೂ ಕೊಡಲ್ಲ. ಆದರೆ ಹೊಕ್ಕಿನ (ಅಡ್ಡಕ್ಕೆ ಲಾಳಿ ಒಯ್ಯುವ ಎಳೆಯ) ಬಣ್ಣ ಬದಲಿಸುವುದು ಸುಲಭ, ಬೇರೆ ಕಂಡಿಕೆ ಹಾಕಿದರೆ ಆಯ್ತು. ಇದು ಗೊತ್ತಿರುವ ಡಿಸೈನರ್ ಹಾಸು ಮುಟ್ಟದೆ ಹೊಸ ಮಾಲು ತೆಗೆಯುತ್ತಾರೆ. ಗೊತ್ತಿಲ್ಲದವರು ಲ್ಯಾಪ್‌ಟಾಪಿನಲ್ಲಿ ಹೂವು ತೋರಿಸಿ ಹೋಗುತ್ತಾರೆ.

ಪವರ್‌ಲೂಮಿನ ಮಾತೂ ಬರುತ್ತದೆ. 1985ರ ಕಾಯ್ದೆ ಪ್ರಕಾರ 11 ಬಗೆಯ ಬಟ್ಟೆ ಕೈಮಗ್ಗಕ್ಕೇ ಮೀಸಲು. ಪೇಟೆಯಲ್ಲಿ ಅದು ಹೇಗೆ ಪಾಲನೆಯಾಗುತ್ತಿದೆ ಅಂತ ನೀವೇ ಅಂಗಡಿ ಅಂಗಡಿ ತಿರುಗಿ ನೋಡಿ. ಅದೇ ಒಂದು ಅಧ್ಯಾಯ ಆದೀತು.

ಬ್ಯಾಡಗಿಯಿಂದ

ಮೇಡಂ, ಬ್ಯಾಡಗಿ ಮೆಣಸಿನಕಾಯಿಯಿಂದ ಬಟ್ಟೆಗೆ ಕೆಂಪು ಬಣ್ಣ ತೆಗೆಯಬಹುದಾ? ಇಲ್ಲಿ ಫ್ಯಾಕ್ಟರಿಯವರು ಬಣ್ಣಕ್ಕೆ ಅಂತಲೇ ಕೊಳ್ಳುತ್ತಾರಲ್ಲ.

ಜವಳಿ ಪಾಠ ಮಾಡುವವಳು, ಧಾರವಾಡ

ಬ್ಯಾಡಗಿಯವರಿಗೆ: ಆ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಹಾಗಾಗಿ ತಿನಿಸಿಗೆ, ಲಿಪ್‌ಸ್ಟಿಕ್‌ಗೆ ಸರಿ. ಹತ್ತಿ ಬಟ್ಟೆಗೆ ಹಿಡಿಯಲ್ಲ, ಬಿಸಿಲಿಗೂ ನಿಲ್ಲಲ್ಲ. ಆಸೆ ಒಳ್ಳೆಯದೇ.

ಕೇಳಿದವರಿಗೆ: ನೈಸರ್ಗಿಕ ಅಂದ ಕೂಡಲೇ ಪರಿಸರಕ್ಕೆ ಒಳ್ಳೆಯದು ಅಂತ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಹತ್ತಿಗೆ ಗಿಡದ ಬಣ್ಣ ಸುಮ್ನೆ ಅಂಟಲ್ಲ. ಮೊದಲು ನೂಲು ಕುದಿಸಿ ತೊಳೆಯಬೇಕು. ಆಮೇಲೆ ಅಳಲೆಕಾಯಿ ನೀರಿನಲ್ಲಿ ನೆನೆಸಬೇಕು. ಅದರ ಒಗರು ಹಿಡಿದ ಮೇಲೆ ಪಟಿಕದ ನೀರು. ಕೊನೆಗೆ ಬಣ್ಣ. ದಾಳಿಂಬೆ ಸಿಪ್ಪೆಯ ಹಳದಿ ಚೆನ್ನಾಗಿ ನಿಲ್ಲುತ್ತದೆ, ಅರಿಶಿನ ಬಿಸಿಲಿಗೆ ಹಾರಿಹೋಗುತ್ತದೆ. ಕಪ್ಪಿಗೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಸುತ್ತಾರೆ. ನೀಲಿಯದು ಬೇರೆಯೇ ಕಥೆ. ಅದು ನೀರಿನಲ್ಲಿ ಕರಗುವುದೇ ಇಲ್ಲ, ಸುಣ್ಣ ಬೆಲ್ಲ ಹಾಕಿ ಹುದುಗಿಸಬೇಕು.

ಪ್ರತಿ ಹಂತಕ್ಕೂ ನೀರು, ಕಟ್ಟಿಗೆ. ಗದಗ-ಬೆಟಗೇರಿಯಲ್ಲಿ ನಲ್ಲಿ ನೀರಿಗೆ ಕಾಯುವುದು ನಿಮಗೇ ಗೊತ್ತು. ಹಾಗಂತ ಹತ್ತಿಗೆ ಹಾಕುವ ರಾಸಾಯನಿಕ ರಿಯಾಕ್ಟಿವ್ ಬಣ್ಣ ಸಾಚಾ ಅಲ್ಲ. ಗಾಢ ಬಣ್ಣಕ್ಕೆ ಲೀಟರಿಗೆ 50 ಗ್ರಾಂಗಿಂತ ಜಾಸ್ತಿ ಉಪ್ಪು ಬೇಕು. ಆ ಉಪ್ಪು, ಹಿಡಿಯದೆ ಉಳಿದ ಬಣ್ಣ ಎರಡೂ ಮೋರಿಗೆ. ಹಾಗಾಗಿ ಎರಡಕ್ಕೂ ಒಂದೇ ಪಟ್ಟಿ ಮಾಡಿ: ಕಿಲೋ ನೂಲಿಗೆ ಎಷ್ಟು ಲೀಟರ್ ನೀರು, ಎಷ್ಟು ಉರುವಲು, ಹೊರಗೆ ಹೋಗುವ ನೀರಿನಲ್ಲಿ ಏನಿದೆ, ತೊಳೆದರೆ ಬಣ್ಣ ಎಷ್ಟು ಉಳಿಯುತ್ತದೆ. ತೊಳೆತಕ್ಕೆ 1ರಿಂದ 5, ಬೆಳಕಿಗೆ 1ರಿಂದ 8 ಅಂತ ದರ್ಜೆ ಇದೆ. ಪಟಿಕದ ನೀರನ್ನು ಚೆಲ್ಲದೆ ಮತ್ತೆ ಬಳಸಿದರೆ ಲೆಕ್ಕ ಎಷ್ಟು ಬದಲಾಗುತ್ತದೆ ಅನ್ನುವುದನ್ನೂ ಸೇರಿಸಿ.

ನೇಕಾರರ ಮನೆಯವನು, ಬೆಟಗೇರಿ

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಗಿಡದ ಬಣ್ಣದಲ್ಲಿ ಈ ಸಲದ ಲಡಿ (ನೂಲಿನ ಕಟ್ಟು) ಮುಂದಿನ ಸಲದ ಬಣ್ಣಕ್ಕೆ ಹೊಂದಲ್ಲ. ಸಾಹುಕಾರ ಅದನ್ನು "ಡ್ಯಾಮೇಜ್" ಅಂತ ಬರೆದು ಕೂಲಿ ಕಡಿಯುತ್ತಾನೆ. ನಿಮ್ಮ ಬೆಂಗಳೂರಿನ ಗಿರಾಕಿ ಅದನ್ನೇ "ಕೈಕೆಲಸದ ಚಂದ" ಅಂತಾನೆ. ಯಾರ ಗಿರಾಕಿ ಅನ್ನುವುದರ ಮೇಲೆ ತಂತ್ರಜ್ಞಾನ ನಿಲ್ಲುತ್ತದೆ.

ರೈತರ ಮನೆಯವರು, ಹಾವೇರಿ ಜಿಲ್ಲೆ

ಇಲ್ಲಿನ ಹತ್ತಿ, ಇಲ್ಲಿನ ಬಟ್ಟೆ ಅಂತ ಬರೆಯುವ ಮುಂಚೆ ಹೊಲ ನೋಡಿ. ನಮ್ಮ ಅಜ್ಜ ಜಯಧರ ಬಿತ್ತುತ್ತಿದ್ದರು. ಎರಿ (ಕಪ್ಪು ಮಣ್ಣಿನ) ಹೊಲಕ್ಕೆ, ಕಡಿಮೆ ಮಳೆಗೆ ಒಗ್ಗಿದ ಜವಾರಿ ಹತ್ತಿ, ಎಳೆ ಗಿಡ್ಡ. ಆಮೇಲೆ ಧಾರವಾಡದಲ್ಲೇ ತಯಾರಾದ ಹೈಬ್ರಿಡ್ ತಳಿ ಡಿಸಿಎಚ್-32 ಬಂತು, ಉದ್ದ ಎಳೆ, ಒಳ್ಳೆ ರೇಟು. 2002ರ ನಂತರ ಬಿಟಿ (ಕುಲಾಂತರಿ) ಹತ್ತಿ. ಈಗ ನಮ್ಮ ಸುತ್ತ ಗೋವಿನಜೋಳವೇ ಜಾಸ್ತಿ. ಇರುವ ಹತ್ತಿಯೂ ಬೇಲ್ ಕಟ್ಟಿಸಿಕೊಂಡು ಹೊರಗಿನ ಮಿಲ್ಲಿಗೆ ಹೋಗುತ್ತದೆ.

ಕೃಷಿ ವಿಶ್ವವಿದ್ಯಾಲಯದವರು ಕಂದು ಹತ್ತಿಯ ಮೇಲೂ ಕೆಲಸ ಮಾಡಿದ್ದಾರೆ. ಬಣ್ಣವೇ ಹಾಕಬೇಕಿಲ್ಲ, ಒಗೆದಷ್ಟೂ ಗಾಢ ಆಗುತ್ತದೆ. ಆದರೆ ಪಕ್ಕದ ಬಿಳಿ ಹತ್ತಿಗೆ ಒಂದಿಷ್ಟು ಬೆರೆತರೂ ಆ ರೈತನ ಮಾಲು ಕೆಟ್ಟಿತು. ಕೊಳ್ಳುವವರು ಮೊದಲೇ ಖಾತ್ರಿ ಆಗದೆ ಯಾರೂ ಬಿತ್ತಲ್ಲ.

ಹುಬ್ಬಳ್ಳಿಯಿಂದ

ಬೆಂಗೇರಿಯ ಖಾದಿ ಸಂಘಕ್ಕೂ ಒಮ್ಮೆ ಹೋಗಿ. ಅಲ್ಲಿ ರಾಷ್ಟ್ರಧ್ವಜ ಹೊಲಿಯುವವರಲ್ಲಿ ಹೆಂಗಸರೇ ಜಾಸ್ತಿ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಯಂತ್ರದ ಬಟ್ಟೆಗೂ ಅವಕಾಶ ಕೊಟ್ಟರು. ದಿಲ್ಲಿಯ ಒಂದು ಸಾಲು ಇಲ್ಲಿನ ಕೂಲಿಯನ್ನು ಹೇಗೆ ಮುಟ್ಟುತ್ತದೆ ಅಂತ ನೋಡಲು ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಕಸೂತಿ ಮಾಡುವವಳು, ಧಾರವಾಡ

ಎಲ್ಲರೂ ಮಗ್ಗದ ಬಗ್ಗೆಯೇ ಹೇಳಿದಿರಿ, ಸೂಜಿ ಮರೆತಿರಿ! ಕಸೂತಿಗೆ ಜಿಐ (ಭೌಗೋಳಿಕ ಗುರುತು) ಇದೆ, ಆದರೂ ಕಂಪ್ಯೂಟರ್ ಎಂಬ್ರಾಯ್ಡರಿಯ ತೇರು, ಗೋಪುರದ ಚಿತ್ತಾರಗಳು ನಮ್ಮದಕ್ಕಿಂತ ಜಾಸ್ತಿ ಮಾರಾಟ ಆಗುತ್ತವೆ. ಗವಂತಿ, ಮುರಗಿ ಹೊಲಿಗೆ ಹಾಕಿದರೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಇರಬಾರದು. ಗುರುತು ಹಾಕಿಕೊಳ್ಳದೆ ಬಟ್ಟೆಯ ಎಳೆ ಎಣಿಸಿಯೇ ಹಾಕುತ್ತೇವೆ.

ನಮ್ಮ ತೊಂದರೆ ಏನು ಅಂದರೆ ಈಗಿನ ಮಿಲ್ ಬಟ್ಟೆಯ ಎಳೆ ಕಣ್ಣಿಗೆ ಕಾಣಲ್ಲ. ಮೇಲೆ ಜಾಳು ಬಟ್ಟೆ ಹೊಲಿದುಕೊಂಡು, ಅದರ ಮೇಲೆ ಕಸೂತಿ ಹಾಕಿ, ಕೊನೆಗೆ ಆ ಜಾಳಿನ ಎಳೆಗಳನ್ನು ಒಂದೊಂದೇ ಕಿತ್ತು ತೆಗೆಯಬೇಕು. ಕೂಲಿ ಪೀಸಿನ ಲೆಕ್ಕ, ಕಿತ್ತು ತೆಗೆಯುವುದಕ್ಕೆ ದುಡ್ಡಿಲ್ಲ. ಬೆಟಗೇರಿ ಅಣ್ಣಾ, ಎಣಿಸಲು ಬರುವಂಥ ಬಟ್ಟೆ ನೇಯ್ದು ಕೊಡೋಕೆ ಆಗತ್ತಾ?

ನೇಕಾರರ ಮನೆಯವನು, ಬೆಟಗೇರಿ

ಆಗತ್ತೆ ಅಕ್ಕಾ. ಇಂಚಿಗೆ ಹಾಸು ಎಷ್ಟೋ ಹೊಕ್ಕೂ ಅಷ್ಟೇ ಬರಬೇಕು, ಇಲ್ಲದಿದ್ದರೆ ನಿಮ್ಮ ಗೋಪುರ ಒಂದು ಕಡೆ ಎಳೆದುಕೊಳ್ಳುತ್ತದೆ. ಹೊಡೆತ ಒಂದೇ ಸಮ ಇರಬೇಕು, ಹಾಗಾಗಿ ಕೆಲಸ ನಿಧಾನ. ಬ್ಲೌಸ್ ಪೀಸ್ ಆದರೆ ಒಂದೇ ಬಿಳಿ ಹಾಸಿನ ಮೇಲೆ ಬೇರೆ ಬೇರೆ ಹೊಕ್ಕು ಹಾಕಿ ಹಲವು ಬಣ್ಣ ತೆಗೆಯಬಹುದು. ಟೀಚರ್ ಹೇಳಿದ ದಾಳಿಂಬೆ ಬಣ್ಣವನ್ನೂ ಹೊಕ್ಕಿಗಷ್ಟೇ ಹಾಕಿದರೆ ಲಡಿ ಹೊಂದದಿದ್ದರೂ ಚಿಂತೆ ಇಲ್ಲ.

ಕೇಳಿದವರು, ಗದಗ

ಇದನ್ನೇ ವಿಷಯ ಮಾಡಿಕೊಳ್ಳಲಾ? ಕಸೂತಿಗೆ ಹೊಂದುವ ಕೈಮಗ್ಗದ ಬ್ಲೌಸ್ ಬಟ್ಟೆ. ನೇಕಾರರ ದಿನದ ಗಳಿಕೆ, ಕಸೂತಿಯವರ ದಿನದ ಗಳಿಕೆ, ಕಿಲೋ ನೂಲಿಗೆ ನೀರು. ಈ ಮೂರನ್ನೇ ಅಳೆಯುವುದು.

ಅರ್ಥಶಾಸ್ತ್ರ ಪಾಠ ಮಾಡುವವರು, ಧಾರವಾಡ

ಮಾಡಿಕೊಳ್ಳಿ. ಆದರೆ ಹೊಸ ಬಟ್ಟೆ ಕೊಡುವ ಮುಂಚೆ ಈಗಿನ ಗಳಿಕೆ ಬರೆದಿಡಿ, ಆಮೇಲೆ ನೆನಪಿನ ಮೇಲೆ ಕೇಳಿದರೆ ಲೆಕ್ಕ ಸರಿ ಸಿಗಲ್ಲ. ಹೊಸ ಹಾಸು ಏರಿಸುವ ದಿನಗಳ ಕೂಲಿಯನ್ನು ನಿಮ್ಮ ಸಂಶೋಧನಾ ವೆಚ್ಚದಲ್ಲೇ ತೋರಿಸಿ, ನೇಕಾರರ ಮೇಲೆ ಹಾಕಬೇಡಿ. ಮಿಲ್ ಬಟ್ಟೆಯಲ್ಲೇ ಮುಂದುವರಿಯುವ ಕೆಲವರನ್ನೂ ಜೊತೆಗೆ ಗಮನಿಸಿ. ಇಲ್ಲದಿದ್ದರೆ ಹಬ್ಬದ ಸೀಸನ್ನಿಂದ ಗಳಿಕೆ ಏರಿತೋ ನಿಮ್ಮ ಬಟ್ಟೆಯಿಂದಲೋ ಅಂತ ಹೇಳಲು ಆಗಲ್ಲ.

ಕಸೂತಿ ಮಾಡುವವಳು, ಧಾರವಾಡ

ಅಣ್ಣಾ, ನೂಲು ಯಾವ ನಂಬರಿಂದು ಹಾಕ್ತೀರಿ? ತೀರಾ ಸಣ್ಣದು ಬೇಡ, ನಮ್ಮಲ್ಲಿ ವಯಸ್ಸಾದವರೇ ಜಾಸ್ತಿ. ಮೊದಲು ಅರ್ಧ ಮೀಟರ್ ತೋರಿಸಿ.

ನೇಕಾರರ ಮನೆಯವನು, ಬೆಟಗೇರಿ

ನೋಡ್ರಿ, ಮತ್ತೆ ಸ್ಯಾಂಪಲ್! ಇರಲಿ, ಈಗಿನ ಹಾಸಿನ ಕೊನೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಅದರಲ್ಲೇ ಹೊಕ್ಕು ಬದಲಿಸಿ ಎರಡು ಮೂರು ಥರ ಹೊಡೆದು ಕೊಡುತ್ತೇನೆ. ತಂಗಿ ಬಂದು ಒಯ್ಯಲಿ, ನಿಮಗೆ ಎಣಿಸಲು ಯಾವುದು ಬರುತ್ತದೋ ಹೇಳಿ.